ಎ.ಸಿ. ಗೋಡೆಗೇರುವ ಮುನ್ನ ಒಂದು ಲೆಕ್ಕ

ಬೇಸಿಗೆಯ ಮಾತುಕತೆಗಳಿಗೆ ಬರುವ ಪತ್ರಗಳಲ್ಲಿ ರಾಯಚೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರವನ್ನು ನಾನು ಬೇರೆಯಾಗಿ ಎತ್ತಿಟ್ಟಿದ್ದೆ. ಪತ್ನಿಗೆ ಸೆಕೆ ತಡೆಯಲಾಗುತ್ತಿಲ್ಲವೆಂದು 36,000 ರೂಪಾಯಿಗೆ ಒಂದೂವರೆ ಟನ್ನಿನ ಎ.ಸಿ. ತಂದರಂತೆ. ಅದಕ್ಕೆಂದೇ ಎಳೆದ ವಯರು, ಎಂ.ಸಿ.ಬಿ., ಅರ್ಥಿಂಗ್ ಸೇರಿ 6,500, ಹೊರಗಿನ ಪೆಟ್ಟಿಗೆಗೆ ಸ್ಟ್ಯಾಂಡು ಮತ್ತು ಹೆಚ್ಚುವರಿ ತಾಮ್ರದ ಕೊಳವೆ 3,800, ಸ್ಟೆಬಿಲೈಜರ್ 3,000, ಕೂಡಿಸಿದ ಕೂಲಿ 1,800. ಒಟ್ಟು 51,100. "ಇಷ್ಟಾದರೂ ಸಹಿಸಿಕೊಂಡೆ. ತಿಂಗಳ ಕೊನೆಗೆ ಬಂದ ಕರೆಂಟ್ ಬಿಲ್ಲು ನೋಡಿ ಗಾಬರಿಯಾಯಿತು. ಅದುವರೆಗೆ ನಮ್ಮದು ಸೊನ್ನೆ ಬಿಲ್ಲು" ಎಂದು ಮುಗಿಸಿದ್ದರು.

ಅವರ ತಪ್ಪೇನೂ ಇರಲಿಲ್ಲ. ಅಂಗಡಿಯಲ್ಲಿ ಹೇಳುವುದು ಯಂತ್ರದ ಬೆಲೆಯನ್ನು ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಎ.ಸಿ.ಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದು ನಿಜ. ಆದರೆ ಗೋಡೆ ಕೊರೆಯುವವನ ಕೂಲಿಯಾಗಲಿ, ಕೊಳವೆಯ ಉದ್ದವಾಗಲಿ ಅದರಿಂದ ಕಡಿಮೆಯಾಗುವುದಿಲ್ಲ.

ಮೊದಲು 'ಟನ್' ಎಂದರೇನು ನೋಡೋಣ. ಯಂತ್ರದ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಅಳತೆ ಇದು: ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖ. ಇಂದಿನ ಲೆಕ್ಕದಲ್ಲಿ 3.5 ಕಿಲೋವಾಟ್. ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಹಮಾಲಿಯಂತೆ ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಎಷ್ಟು ಹೊರೆ ಎಂಬುದು ಕೋಣೆಯ ಅಳತೆಯೊಂದರಿಂದಲೇ ತೀರ್ಮಾನವಾಗದು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಕೆಳಮಹಡಿಯಲ್ಲಿದ್ದರೆ ಸಾಮಾನ್ಯವಾಗಿ ಒಂದು ಟನ್ ಸಾಕು. ಅದೇ ಕೋಣೆ ಮೇಲ್ಮಹಡಿಯಲ್ಲಿದ್ದು, ಪಡುವಣ ಗೋಡೆ ಬಿಸಿಲಿಗೆ ತೆರೆದಿದ್ದರೆ ಒಂದೂವರೆ ಬೇಕಾಗಬಹುದು. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಹನ್ನೊಂದರವರೆಗೂ ಒಳಗೆ ಬಿಸಿಯುಗುಳುತ್ತದೆ. ನಮ್ಮ ಉತ್ತರದ ಜಿಲ್ಲೆಗಳ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಾಟವಿರಲಿಲ್ಲ. ತಾರಸಿಗೆ ಬಿಳಿಯ ಬಣ್ಣ ಬಳಿಸಿ, ಪಡುವಣ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿಸಿದ ಮೇಲೆ ಟನ್ನಿನ ಲೆಕ್ಕ ಹಾಕಿ. ಆ ಖರ್ಚು ಒಮ್ಮೆಯದು, ಎ.ಸಿ.ಯ ಹೊರೆ ಪ್ರತಿ ರಾತ್ರಿಯದು.

ಇನ್ನು ನಕ್ಷತ್ರಗಳು. ಐದು ನಕ್ಷತ್ರದ್ದೇ ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಸುಲಭವಾಗಿ ಹೇಳಲಾರೆ. ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ಲೆಕ್ಕ ವರ್ಷಕ್ಕೆ 1,600 ಗಂಟೆಯ ಬಳಕೆಗೆ. ಒಂದೂವರೆ ಟನ್ನಿನಲ್ಲಿ ಮೂರು ಮತ್ತು ಐದು ನಕ್ಷತ್ರಗಳ ನಡುವೆ ಸುಮಾರು 200 ಯೂನಿಟ್ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ ಉಳಿಯುವುದು 1,200. ಬೆಲೆಯ ಅಂತರ 8,000 ಆದರೆ, ಅಷ್ಟು ಗಂಟೆ ಓಡಿಸುವ ಮಂಗಳೂರು ಅಥವಾ ಕಲಬುರಗಿಯ ಮನೆಯಲ್ಲಿ ಏಳು ವರ್ಷದೊಳಗೆ ಅದು ಮರಳುತ್ತದೆ. ಬೆಂಗಳೂರಿನಲ್ಲಿ? 2016ರ ಏಪ್ರಿಲ್‌ನಲ್ಲಿ ಪಾರಾ 39.2 ಡಿಗ್ರಿಗೇರಿದ್ದ ಊರೇ ಅದು. ಆದರೂ ಅಲ್ಲಿ ಬಹಳ ಮನೆಗಳಲ್ಲಿ ಎ.ಸಿ. ಓಡುವುದು ಎರಡು ತಿಂಗಳು, ರಾತ್ರಿ ಆರು ಗಂಟೆ. ಅಂದರೆ 360 ಗಂಟೆ. ಉಳಿತಾಯ ವರ್ಷಕ್ಕೆ 270 ರೂಪಾಯಿ. ಯಂತ್ರದ ಆಯುಷ್ಯದಲ್ಲಿ ಆ 8,000 ಮರಳಲಾರದು. ಚೀಟಿಯ ಮೇಲಿನ ವರ್ಷವನ್ನೂ ನೋಡಿ. ನಕ್ಷತ್ರದ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಾರೆ; ಹಳೆಯ ಐದು ಹೊಸ ನಾಲ್ಕಾಗಿರಬಹುದು.

ಈಗ ಮೇಷ್ಟ್ರ ಸೊನ್ನೆ ಬಿಲ್ಲಿಗೆ ಬರೋಣ. 2023ರ ಆಗಸ್ಟ್‌ನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ, ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ ಉಚಿತದ ಮಿತಿ ಕಟ್ಟಿದ್ದಾರೆ. ನಿಮ್ಮ ಮಿತಿ ದಾಟಿ 200ರೊಳಗಿದ್ದರೆ ಹೆಚ್ಚಿನದಕ್ಕಷ್ಟೇ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಮೇಷ್ಟ್ರ ಮನೆಯ ಬಳಕೆ 140 ಯೂನಿಟ್, ಎ.ಸಿ. ಸೇರಿಸಿದ್ದು ದಿನಕ್ಕೆ 5ರಂತೆ 150. ಎ.ಸಿ.ಯ ಖರ್ಚು 150 ಯೂನಿಟ್ಟಿನ 900 ರೂಪಾಯಿ ಎಂದು ಅವರು ಎಣಿಸಿದ್ದರು. ಬಂದದ್ದು 290 ಯೂನಿಟ್ಟಿನ 1,740, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಅದುವರೆಗೆ ಪುಕ್ಕಟೆಯಾಗಿದ್ದ 140 ಯೂನಿಟ್ಟಿನ ಬೆಲೆಯನ್ನೂ ಎ.ಸಿ.ಯ ಲೆಕ್ಕಕ್ಕೇ ಬರೆಯಬೇಕಾಗುತ್ತದೆ. ಇಂಥ ಮನೆಗೆ ಉಳಿದಿರುವ ಅವಕಾಶ ತಿಂಗಳಿಗೆ 60 ಯೂನಿಟ್, ರಾತ್ರಿಗೆ ಎರಡು. ಒಂದು ಟನ್ನಿನ ಒಳ್ಳೆಯ ಇನ್ವರ್ಟರ್ ಎ.ಸಿ.ಯನ್ನು 26 ಡಿಗ್ರಿಯಲ್ಲಿಟ್ಟು, ಮೇಲೆ ಫ್ಯಾನು ತಿರುಗಿಸಿದರೆ ಅಷ್ಟರಲ್ಲಿ ನಾಲ್ಕು ಗಂಟೆ ತೆಗೆಯಬಹುದು. ಇಂಥವರಿಗೆ ಮಾತ್ರ, ಗಂಟೆ ಕಡಿಮೆಯಿದ್ದರೂ, ಹೆಚ್ಚು ನಕ್ಷತ್ರದ ಯಂತ್ರ ಲಾಭವೇ. ಒಂದು ಡಿಗ್ರಿ ಏರಿಸಿದರೆ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಜನವರಿಯಿಂದ ಹೊಸ ಯಂತ್ರಗಳು ತಾವಾಗಿ 24ಕ್ಕೆ ನಿಲ್ಲುವಂತೆ ಮಾಡಿರುವುದೂ ಇದಕ್ಕೇ.

ಮಂಜೂರಾದ ಲೋಡನ್ನು ಮರೆಯಬೇಡಿ. ಬಿಲ್ಲಿನ ಮೇಲೆಯೇ ಬರೆದಿರುತ್ತದೆ. ಒಂದೇ ಕಿಲೋವಾಟ್ ಇರುವ ಮನೆಗೆ ಎ.ಸಿ. ಬಂದರೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಆಮೇಲೆ ಕಿಲೋವಾಟ್ ಒಂದಕ್ಕೆ ತಿಂಗಳಿಗೆ ನೂರು ರೂಪಾಯಿಗೂ ಮೀರಿದ ನಿಗದಿತ ಶುಲ್ಕ ಡಿಸೆಂಬರ್‌ನ ಚಳಿಯಲ್ಲೂ ಲೆಕ್ಕಕ್ಕೆ ಬರುತ್ತದೆ.

ಕೂಡಿಸುವ ದಿನ ನೀವು ಮನೆಯಲ್ಲಿರಿ. ಎರಡು ಪೆಟ್ಟಿಗೆಗಳ ನಡುವಿನ ಕೊಳವೆ ಗಿಡ್ಡವಾದಷ್ಟೂ ಒಳ್ಳೆಯದು. ಹಣವೂ ಉಳಿಯುತ್ತದೆ, ತಂಪೂ ಉಳಿಯುತ್ತದೆ. ಗ್ಯಾಸು ಬಿಡುವ ಮುನ್ನ ಕೊಳವೆಯೊಳಗಿನ ಗಾಳಿ, ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಹೀರಿ ತೆಗೆಯಬೇಕು. ಪಂಪು ತರದೆ, ಒಂದಿಷ್ಟು ಗ್ಯಾಸನ್ನೇ 'ಪುಸ್' ಎಂದು ಬಿಟ್ಟು ಗಾಳಿಯನ್ನು ತಳ್ಳುವವರೇ ಹೆಚ್ಚು. ಒಳಗುಳಿದ ತೇವ ಕಂಪ್ರೆಸರಿಗೆ ಶತ್ರು. ಈಗಿನ ಬಹಳ ಯಂತ್ರಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಅನಿಲವೂ ಹೌದು. ಆದ್ದರಿಂದ ಪಂಪು ತಂದಿದ್ದೀರಾ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ಇದನ್ನು ಹೇಳುವ ನಾನೂ ಮೋಸ ಹೋದವನೇ. ನಮ್ಮ ಮನೆಯಲ್ಲಿ ಸತತ ಮೂರು ಬೇಸಿಗೆ, "ಗ್ಯಾಸ್ ಮುಗಿದಿದೆ ಸಾರ್" ಎಂಬ ಮಾತು ನಂಬಿ ಪ್ರತಿ ಸಲ ಎರಡೂವರೆ ಸಾವಿರ ತೆತ್ತೆ. ಭೌತಶಾಸ್ತ್ರ ಓದಿದವನಿಗೆ ನಾಚಿಕೆಯಾಗಬೇಕಾದ ವಿಷಯ. ಅನಿಲ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಅದು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ನಾಲ್ಕನೆಯ ವರ್ಷ ಬಂದ ಹುಡುಗನೊಬ್ಬ ಸೋಪಿನ ನೊರೆ ಹಚ್ಚಿದ. ಹೊರಗಿನ ಪೆಟ್ಟಿಗೆಯ ನಟ್ಟಿನ ಬಳಿ ಗುಳ್ಳೆ ಎದ್ದಿತು. ಕೊಳವೆಯ ತುದಿಯನ್ನು ಹೊಸದಾಗಿ ಅಗಲಿಸಿ ಬಿಗಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಬಾಡಿಗೆ ಮನೆಯವರು ಕಿಟಕಿ ಎ.ಸಿ.ಯನ್ನು ತಿರಸ್ಕರಿಸಬೇಡಿ. ಸದ್ದು ಹೆಚ್ಚು, ಆದರೆ ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದು. ಸ್ಪ್ಲಿಟ್ ಆದರೆ ಬಿಚ್ಚುವುದಕ್ಕೂ ಕೂಡಿಸುವುದಕ್ಕೂ ಮತ್ತೆ ಖರ್ಚು. ಒಣಹವೆಯ ರಾಯಚೂರು, ಬಳ್ಳಾರಿಗಳಲ್ಲಿ ನೀರಿನ ಕೂಲರು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದಕ್ಕೆ ಕೊಡುವ ಹಣ ದಂಡ.

ಇದನ್ನೆಲ್ಲ ಮೇಷ್ಟ್ರಿಗೆ ಬರೆದಿದ್ದೆ. ಮಳೆ ಹಿಡಿದ ಮೇಲೆ ಅವರ ಉತ್ತರ ಬಂತು. ತಾರಸಿಗೆ ಬಿಳಿ ಬಣ್ಣ ಬಳಿಸಿ, ಸಂಜೆಗೆ ಹಳೆಯ ಕೂಲರನ್ನೇ ಹಚ್ಚಿ, ಎ.ಸಿ.ಯನ್ನು ರಾತ್ರಿ ಮೂರು ಗಂಟೆಗೆ ಇಳಿಸಿದ್ದರಂತೆ. ಮೇ ತಿಂಗಳಲ್ಲಿ 226 ಯೂನಿಟ್ ಆಗಿ ಪೂರ್ತಿ ಹಣ ಕಟ್ಟಿದರು. ಜೂನ್‌ನ ಬಿಲ್ಲು 171.