ಬೇಸಿಗೆ ಹೊಳೆ, ಮಡುವಿನ ಮೀನು

ಯುಗಾದಿ ಮುಗಿದು ದಾವಣಗೆರೆಯ ಬಿಸಿಲು 40 ಡಿಗ್ರಿಯ ಕಡೆ ಮುಖ ಮಾಡಿತೆಂದರೆ ಗಾಳದ ಹುಚ್ಚಿನವರಿಗೆ ಸುಗ್ಗಿ. ಶಾಲೆಗೆ ರಜೆ, ಹೊಲದಲ್ಲಿ ಕೆಲಸ ಕಡಿಮೆ, ಹೊಳೆಯಲ್ಲಿ ನೀರೂ ಕಡಿಮೆ. ಬಾತಿ ಕೆರೆಯ ಏರಿಯಿಂದ ಹಿಡಿದು ಹರಿಹರದ ಸೇತುವೆಯವರೆಗೆ, ಅತ್ತ ಕೊಂಡಜ್ಜಿ ಕೆರೆ, ಇತ್ತ ದೇವರಬೆಳಕೆರೆ ಪಿಕಪ್ಪು, ಎಲ್ಲೆಲ್ಲೂ ಬೆಂಡಿನ ಮೇಲೆ ಕಣ್ಣಿಟ್ಟು ಕೂತ ತಪಸ್ವಿಗಳು. ನೀರು ಇಳಿದಿದೆ, ಮೀನು ಎಲ್ಲಿಗೆ ಹೋದೀತು ಎಂಬುದು ಇವರ ಲೆಕ್ಕ.

ಲೆಕ್ಕ ಅರ್ಧ ಸರಿ. ಮೀನು ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಮಧ್ಯಾಹ್ನದ ಹೊತ್ತಿನಲ್ಲಿ ಎಷ್ಟೇ ದಪ್ಪನೆಯ ಎರೆಹುಳ ತೋರಿಸಿದರೂ ಅದು ಬಾಯಿ ತೆರೆಯುವುದಿಲ್ಲ. ಕಾರಣ ನೀರಿನೊಳಗಿನ ಗಾಳಿ. 20 ಡಿಗ್ರಿ ತಂಪಿನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ನೀರು 30 ಡಿಗ್ರಿಗೆ ಕಾದರೆ ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಶಾಖ ಏರಿದಷ್ಟೂ ಮೀನಿಗೆ ಉಸಿರು ಹೆಚ್ಚು ಬೇಕು, ನೀರಲ್ಲಿ ಇರುವುದೋ ಕಡಿಮೆ. ಹಾಗಾಗಿ ಅದು ನೆರಳು, ಆಳ, ಇಲ್ಲವೇ ಹರಿವು ಇರುವ ಜಾಗ ಹುಡುಕಿಕೊಂಡು ಸುಮ್ಮನಿರುತ್ತದೆ. ಹೊಳೆಯಲ್ಲಿ ಗಾಳ ಹಾಕುವವರು ಬೆಳಕು ಹರಿಯುವ ಹೊತ್ತಿಗೇ ಹೋಗಿ ಬಿಸಿಲೇರುವ ಮುಂಚೆ ಎದ್ದು ಬರುವುದು ಇದಕ್ಕೇ.

ಕೆರೆಯ ಸಂಗತಿ ಬೇರೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳ ಬಸಿನೀರು ಸೇರುವ ಕೆರೆಗಳಲ್ಲಿ ಗೊಬ್ಬರದ ಸಾರವೂ ಇರುತ್ತದೆ, ಪಾಚಿಯೂ ಸೊಂಪಾಗಿ ಬೆಳೆಯುತ್ತದೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ತಿನ್ನುತ್ತದೆ. ನಸುಕಿನ ವೇಳೆಗೆ ಕೆರೆಯ ಉಸಿರು ತೀರಾ ಕಟ್ಟಿರುತ್ತದೆ. ಆಗ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ಬಿಡುವುದನ್ನು ಕಂಡು, ಹಸಿದಿವೆ ಎಂದು ಹಿಗ್ಗಿ ಗಾಳ ಬೀಸುವವರಿದ್ದಾರೆ. ಅವು ಹಸಿದಿಲ್ಲ, ಏದುಸಿರು ಬಿಡುತ್ತಿವೆ. ಎರಡು ದಿನ ಮೋಡ ಕವಿದು, ಮೇಲೊಂದು ಅಡ್ಡಮಳೆ ಬಿದ್ದು ತಳದ ರಾಡಿ ಕಲಕಿತೆಂದರೆ ಬೆಳಗಾಗುವುದರೊಳಗೆ ಕಾಟ್ಲಾ, ರೋಹು ಹೊಟ್ಟೆ ಮೇಲಾಗಿ ತೇಲುತ್ತವೆ. ಊರವರು ಯಾರೋ ವಿಷ ಹಾಕಿದರು ಎನ್ನುತ್ತಾರೆ. ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ. ಕೆರೆಯಲ್ಲಿ ಗಾಳ ಹಾಕುವುದಾದರೆ ಸಂಜೆಯೇ ವಾಸಿ; ಅದಕ್ಕೂ ಮೊದಲು ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳುವುದು ಇನ್ನೂ ವಾಸಿ. ಮರಿ ಬಿಟ್ಟು ಸಾಕಿದವರು ಅವರು.

ಹೊಳೆಗೆ ಬರೋಣ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಹರಿಹರಕ್ಕೆ ಬರುವ ಹೊತ್ತಿಗೆ ಬೇಸಿಗೆಯ ತುಂಗಭದ್ರೆ ನದಿ ಎನ್ನುವುದಕ್ಕಿಂತ ಮಡುಗಳ ಸಾಲು. ಬಂಡೆ, ಮರಳು, ನಡುವೆ ಒಂದು ಎಳೆ ನೀರು, ಮತ್ತೊಂದು ಮಡು. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ಇಲ್ಲೇ ಹೊಳೆಗೆ ಕೂಡುತ್ತದಾದರೂ ಬೇಸಿಗೆಯಲ್ಲಿ ಅದರಿಂದ ದೊಡ್ಡ ಆಸರೆಯೇನಿಲ್ಲ. ನೀರು ಬರಬೇಕಾದರೆ ಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಗೇಟು ಎತ್ತಬೇಕು. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆಂದು ನೀರು ಬಿಟ್ಟಾಗ ಭಕ್ತರಷ್ಟೇ ಮೀನುಗಳಿಗೂ ಸಂಭ್ರಮ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ಹೊಳೆಯ ಬಹುಭಾಗ ಬರಿ ಮರಳಾಗಿತ್ತು. ಅಂಥ ವರ್ಷ ಬದುಕುಳಿಯುವುದು ಮಡುವಿನ ಮೀನು ಮಾತ್ರ.

ನಾನು ಹೇಳಬೇಕೆಂದಿರುವುದು ಈ ಮಡುವಿನ ಬಗೆಗೇ. ಗೆಂಡೆಯ ಜಾತಿಯ ಮೀನುಗಳು ಮೊಟ್ಟೆಯಿಡುವುದು ಮುಂಗಾರಿನ ಹೊಸನೀರು ಬಂದಾಗ. ಆಗ ಅವು ಹರಿವಿಗೆ ಎದುರಾಗಿ ಏರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇವನ್ನೇ. ಹಾಗೆ ಏರಲು ಜೂನ್‌ನಲ್ಲಿ ಯಾರಾದರೂ ಉಳಿದಿರಬೇಕಲ್ಲ? ಏಪ್ರಿಲ್, ಮೇನಲ್ಲಿ ಮಡುವಿನಲ್ಲಿ ಕಾಲ ಕಳೆಯುವ ದೊಡ್ಡ ಗೆಂಡೆ, ಬಾಳೆಮೀನುಗಳು ಬೀಜದ ಚೀಲವಿದ್ದಂತೆ. ಬಿತ್ತನೆ ಬೀಜವನ್ನು ಬೀಸಿ ರೊಟ್ಟಿ ತಟ್ಟುವ ರೈತ ದಾವಣಗೆರೆ ಸೀಮೆಯಲ್ಲಿ ಸಿಗಲಾರ. ಹೊಳೆಯಲ್ಲಿ ಮಾತ್ರ ಅದು ನಡೆದೇ ಇದೆ. ಗಾಳದವನು ದಿನಕ್ಕೆ ನಾಲ್ಕು ಮೀನು ಹಿಡಿದಾನು. ಮಡುವಿಗೆ ತೋಟೆ ಎಸೆಯುವವನು, ಬ್ಲೀಚಿಂಗ್ ಪುಡಿ ಸುರಿಯುವವನು ಮರಿಯನ್ನೂ ಬಿಡದೆ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ಇದನ್ನು ತಡೆಯಲು 1897ರಷ್ಟು ಹಿಂದೆಯೇ ಬ್ರಿಟಿಷರು ಕಾಯಿದೆ ಮಾಡಿದ್ದರು. ಮರಳು ಬಗೆಯುವವರ ಕೆಲಸ ಇನ್ನೊಂದು ಬಗೆ. ಅವರು ತೋಡಿದ ಗುಂಡಿಯೂ ಆಳವೇ, ಆದರೆ ದಂಡೆ ಕುಸಿದು ರಾಡಿಯಾದ ಆ ಗುಂಡಿಗೆ ಬಂಡೆಯ ನೆರಳಿನ ಮಡುವಿನ ಗುಣ ಬಾರದು.

ಹರಿಹರದವರಿಗೆ ಬೇಸಿಗೆಯ ಹೊಳೆ ಎಷ್ಟು ನಾಜೂಕು ಎಂಬುದು ಹೊಸ ವಿಷಯವಲ್ಲ. 1980ರ ದಶಕದಲ್ಲಿ ಇಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗಲೇ ಹೊಳೆದಂಡೆಯ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ದನಿ ಎದ್ದದ್ದು, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟಕ್ಕೆ ಇಳಿದದ್ದು. ಮಳೆಗಾಲದ ತುಂಬು ಹೊಳೆಯಲ್ಲಿ ತೊಳೆದುಹೋಗುವ ಕೊಳೆ, ಎಳೆನೀರಿನ ಹೊಳೆಯಲ್ಲಿ ನಿಂತು ಕೊಲ್ಲುತ್ತದೆ.

ಪರದೇಶಗಳಲ್ಲಿ ಹಕ್ಕಿಯ ಪುಕ್ಕ, ದಾರ ಸುತ್ತಿ ಮಾಡಿದ ಹುಸಿ ನೊಣವನ್ನು ಗಾಳಕ್ಕೆ ಕಟ್ಟಿ ನೀರಿನ ಮೇಲೆ ಹಾರಿಸುವ ‘ಫ್ಲೈ ಫಿಶಿಂಗ್’ ಶೋಕಿ ಇದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹೊಳೆಯ ನೀರು ಮೂರು ದಿನ ಬಿಡದೆ 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಗಾಳ ಹಾಕುವುದನ್ನು ನಿಲ್ಲಿಸಬಹುದೆಂಬ ನಿಯಮವಿದೆ. ಅಲ್ಲಿನ ಟ್ರೌಟ್ ತಣ್ಣೀರಿನ ಮೀನು, ಆ ಲೆಕ್ಕ ನಮಗೆ ಹೊಂದದು. ನಮ್ಮ ಗೆಂಡೆ 23 ಡಿಗ್ರಿಯನ್ನು ಚಳಿ ಎಂದೀತು! ಆದರೆ ಥರ್ಮಾಮೀಟರು ನೋಡಿ ಗಾಳ ಮಡಚುವ ಶಿಸ್ತು ನೋಡಿ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಹಿಡಿದದ್ದು ಇಂದಿಗೂ ದಂತಕತೆ. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ತುಂಗೆಯ ಪುಣ್ಯ, ಶೃಂಗೇರಿಯ ಘಾಟಿನಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ದೇವರ ಹೆಸರಲ್ಲಿ ಮೀನು ಉಳಿದಿದೆ. ಅದೇ ನೀರು ಹರಿಹರೇಶ್ವರನ ಊರಿಗೆ ಬರುವಾಗ ಆ ಭಯಭಕ್ತಿಯನ್ನು ದಾರಿಯಲ್ಲೇ ಬಿಟ್ಟು ಬರುತ್ತದೆ.

ಹುಸಿ ನೊಣದ ಆಟ ನಮ್ಮಲ್ಲಿ ನಿಸರ್ಗವೇ ಆಡುತ್ತದೆ. ಮೇ ಕೊನೆಯಲ್ಲಿ ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿನ ಹುತ್ತದಿಂದ ರೆಕ್ಕೆಹುಳು ಎದ್ದು ನೀರಿಗೆ ಉದುರತೊಡಗಿದರೆ ಇಡೀ ಮಡು ಕುದಿಯುವಂತೆ ಮೀನು ಮೇಲೇಳುತ್ತದೆ. ಆ ಹೊತ್ತು ಗಾಳ ಹಿಡಿದವನಿಗೆ ಮನೆ ನೆನಪಾಗುವುದಿಲ್ಲ. ಅಷ್ಟು ಹೊತ್ತಿಗೆ ಹೆಣ್ಣು ಗೆಂಡೆಯ ಹೊಟ್ಟೆ ಮೊಟ್ಟೆಯಿಂದ ಉಬ್ಬಿರುತ್ತದೆ. ಅಂಥದ್ದು ಸಿಕ್ಕರೆ ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು, ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬರುತ್ತದೆ. ಗಾಳವನ್ನು ನೀರಿನೊಳಗೇ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು.