ಖಣದ ಪರಕಾರ, ಕ್ಯಾನ್‌ಕ್ಯಾನ್ ಮತ್ತು ಕಾರಣವಿಲ್ಲದ ಕೂಟ

ಜಪಾನಿನ ಲೊಲಿಟಾ ಉಡುಗೆಯ ಕಥೆಗಳಲ್ಲಿ ಅತ್ಯಂತ ಹೆಸರಾದ ನಾಯಕಿ ಟೋಕಿಯೊದವಳಲ್ಲ. ನೊವಾಲಾ ತಾಕೆಮೊತೊ 2002ರಲ್ಲಿ ಬರೆದ ‘ಶಿಮೊತ್ಸುಮ ಮೊನೊಗತಾರಿ’ ಕಾದಂಬರಿಯ ಮೊಮೊಕೊ ಹೊಲಗದ್ದೆಗಳ ನಡುವಿನ ಶಿಮೊತ್ಸುಮ ಎಂಬ ಸಣ್ಣ ಊರಿನ ಹುಡುಗಿ. ತನಗೆ ಒಪ್ಪುವ ಲೇಸಿನ ಅಂಗಿ ಕೊಳ್ಳಲು ತಾಸುಗಟ್ಟಲೆ ರೈಲಿನಲ್ಲಿ ಕೂತು ರಾಜಧಾನಿಗೆ ಹೋಗಿ ಬರುತ್ತಾಳೆ. 2004ರಲ್ಲಿ ಇದು ಸಿನಿಮಾ ಆಯಿತು, ಈ ಉಡುಗೆಯ ಹೆಸರು ಜಪಾನಿನ ಆಚೆಗೂ ಹಬ್ಬಿತು. ಭತ್ತ ಬೆಳೆಯುವ ಮಾನ್ವಿಯಲ್ಲೋ, ಕೃಷ್ಣೆಯ ಕಡೆಯ ದೇವದುರ್ಗದಲ್ಲೋ ಇರುವ ಹುಡುಗಿಗೆ ಇಂಥದ್ದರ ಹುಚ್ಚು ಹತ್ತಿತೆಂದರೆ ‘ಈ ಊರಾಗ ಇದೆಲ್ಲ ಯಾಕ’ ಎನ್ನುವವರು ಮೊಮೊಕೊಳ ಊರನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ, ಬೇರೆಯಾಗಿ ಕಾಣಲು ಜಾಗವೇ ಇಲ್ಲದ ಊರುಗಳಲ್ಲೇ ಇಂಥ ಉಡುಗೆಯ ಆಸೆ ಹೆಚ್ಚು ತೀವ್ರವಾಗಿ ಹುಟ್ಟುತ್ತದೆ. ರಾಯಚೂರು ಸೀಮೆಯ ನಾಲ್ಕಾರು ಗೆಳತಿಯರು ಸೇರಿ ಈ ಉಡುಗೆ ತೊಟ್ಟು ಒಂದು ಕೂಟ ಮಾಡಬೇಕೆಂದರೆ ಬಟ್ಟೆ, ಕಸುಬು, ಬಸ್ಸು, ತಿಂಡಿ ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕಾರಣವಿಲ್ಲದೆ ಸೇರುವ ರೂಢಿಯೊಂದೇ ಇಲ್ಲ ಎಂಬುದು ನನ್ನ ವಾದ.

ಮೊದಲು ಉಡುಗೆಯ ಪರಿಚಯ. ಯುರೋಪಿನ ರೊಕೊಕೊ ಮತ್ತು ವಿಕ್ಟೋರಿಯಾ ಕಾಲದ ಮಕ್ಕಳ, ಹೆಂಗಸರ ಉಡುಪನ್ನು ಜಪಾನಿನ ಯುವತಿಯರು ತಮ್ಮದೇ ರೀತಿಯಲ್ಲಿ ಮರುರೂಪಿಸಿಕೊಂಡ ಶೈಲಿ ಇದು. ಗಂಟೆಯಾಕಾರದಲ್ಲಿ ಉಬ್ಬಿದ, ಮೊಣಕಾಲು ಮುಟ್ಟುವ ಲಂಗ, ಕೊರಳ ತನಕ ಮುಚ್ಚಿದ ರವಿಕೆ, ಉದ್ದ ಕಾಲುಚೀಲ, ತಲೆಗೆ ರಿಬ್ಬನ್ನು ಅಥವಾ ಸಣ್ಣ ಟೋಪಿ. 1970ರ ದಶಕದಲ್ಲಿ ಟೋಕಿಯೊದ ಹರಾಜುಕು ಬೀದಿಯ ಅಂಗಡಿಗಳಲ್ಲಿ ಇದರ ಬೇರು ಕಾಣುತ್ತದೆ. ‘ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್’ ಎಂಬ ಉದ್ದ ಹೆಸರಿನ, ಈ ಉಡುಗೆ ಮಾಡುವ ಕಂಪನಿ ಶುರುವಾದದ್ದು 1988ರಲ್ಲಿ. ಭಾನುವಾರಗಳಲ್ಲಿ ಹರಾಜುಕು ನಿಲ್ದಾಣದ ಪಕ್ಕದ ಸೇತುವೆಯ ಮೇಲೆ ಹೀಗೆ ಉಟ್ಟ ಹುಡುಗಿಯರು ಸೇರುತ್ತಿದ್ದರು. ಯಾರಿಗೂ ಏನನ್ನೂ ತೋರಿಸಬೇಕಿರಲಿಲ್ಲ, ಗೆದ್ದು ತರಬೇಕಾದ ಬಹುಮಾನವೂ ಇರಲಿಲ್ಲ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಕಾಣುವ ವೇಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಬೇರೊಂದು ಪಾತ್ರ ಹೊಕ್ಕು ವೇಷ ಕಟ್ಟುತ್ತಾರೆ, ಇಲ್ಲಿ ತಾವಾಗಿಯೇ ಇದ್ದು ಚೆಂದ ಉಡುತ್ತಾರೆ. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಈ ಶೈಲಿಯ ರಾಯಭಾರಿಯನ್ನಾಗಿ ಆರಿಸಿದ ಮಿಸಾಕೊ ಅಓಕಿ ತರಬೇತಿ ಪಡೆದ ನರ್ಸ್. ಡ್ಯೂಟಿಯ ದಿನ ಸಮವಸ್ತ್ರ, ಬಿಡುವಿನ ದಿನ ಲೇಸು. ದುಡಿಯುವ ಹೆಣ್ಣುಮಕ್ಕಳ ಉಡುಗೆ ಇದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಸೀಮೆಯಲ್ಲಿ ನೆರಿಗೆ ಹಿಡಿದ ಲಂಗಕ್ಕೆ ಹೊಸಬರ ಪರಿಚಯ ಬೇಕಿಲ್ಲ. ಹಿಂದಿನ ತಲೆಮಾರಿನ ಹುಡುಗಿಯರು ಶಾಲೆಗೂ ಜಾತ್ರೆಗೂ ಪರಕಾರ-ಪೋಲಕದಲ್ಲೇ ಹೋದವರು. ಚೆಂದ ಉಟ್ಟು ಹುಡುಗಿಯರಷ್ಟೇ ಕೂಡುವ ಹಬ್ಬಗಳೂ ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹೊಸ ಬಟ್ಟೆ ತೊಟ್ಟು, ಸಕ್ಕರೆ ಗೊಂಬೆಗಳ ಆರತಿ ತಟ್ಟೆ ಹಿಡಿದು ಗೌರಿಗೆ ಬೆಳಗಲು ಹೋಗುವುದು ಹೆಣ್ಣುಮಕ್ಕಳ ಪಾಲಿನ ದೊಡ್ಡ ಸಡಗರ. ಬಂಜಾರ (ಲಂಬಾಣಿ) ತಾಂಡಾಗಳಲ್ಲಿ ಶ್ರಾವಣದ ತೀಜ್ ಬಂತೆಂದರೆ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಮೊಳಕೆ ಬರಿಸಿ, ಒಂಬತ್ತು ದಿನ ಹಾಡುತ್ತ ನೀರೆರೆದು, ಕುಣಿದು ಬುಟ್ಟಿಗಳನ್ನು ನೀರಿಗೆ ಬಿಡುತ್ತಾರೆ. ಅಲ್ಲಿನ ಹಿರಿಯ ಹೆಂಗಸರು ಉಡುವ ಫೇಟಿಯಾ ಎಂಬ ಲಂಗವನ್ನು ನೋಡಿ: ಸುತ್ತಲೂ ಘೇರು, ಅಂಚಿಗೆ ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿ. ಲಂಗದ ಅಂಚಿಗೆ ಇಷ್ಟು ಕೈಕೆಲಸ ಸುರಿದವರು ಹರಾಜುಕುವಿನಲ್ಲೂ ಕಡಿಮೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು.

ಇನ್ನು ಹೊಲಿಗೆ. ಲೊಲಿಟಾ ಬ್ರ್ಯಾಂಡಿನ ಹೊಸ ಅಂಗಿಯ ಬೆಲೆ 30,000 ಯೆನ್ ದಾಟುವುದು ಸಾಮಾನ್ಯ. ಅಂದರೆ 15,000 ರೂಪಾಯಿಗೂ ಮೇಲೆ. ಜೊತೆಗೆ ಸಾಗಣೆ, ಸುಂಕ ಬೇರೆ. ಸಾದಾ ಕೂಟಕ್ಕೆ ಇದರ ಅಗತ್ಯವಿಲ್ಲ. ಈ ಉಡುಗೆಯ ಆಕಾರ ನಿಂತಿರುವುದು ಒಳಲಂಗದ ಮೇಲೆ, ಮತ್ತು ಅದನ್ನು ನಮ್ಮ ಟೇಲರ್‌ಗಳು ಮದುವೆಯ ಲೆಹೆಂಗಾಕ್ಕೆ ದಿನಾ ಹೊಲಿಯುತ್ತಾರೆ. ಅವರ ಬಾಯಲ್ಲಿ ಅದು ಕ್ಯಾನ್‌ಕ್ಯಾನ್. ಬಿರುಸು ನೆಟ್ಟನ್ನು ಮೂರು ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನ ಪಟ್ಟಿ ಮೇಲಿನದಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಉದ್ದ ಇರುವಂತೆ ನೆರಿಗೆ ಹಿಡಿದು ಜೋಡಿಸುತ್ತಾರೆ. ಮೇಲಿನ ಪಟ್ಟಿ ಒಂದೂವರೆ ಮೀಟರ್ ಆದರೆ ನಡುವಿನದು ಮೂರು, ಕೆಳಗಿನದು ಆರು. ಒಳಗೆ ಕಾಟನ್ ಅಸ್ತರ್ ಹಾಕಿಸದಿದ್ದರೆ ನೆಟ್ಟು ಕಾಲನ್ನು ಕೆರೆಯುತ್ತದೆ, ಅದೊಂದನ್ನು ಮರೆಯಬಾರದು. ಮೇಲಿನ ಲಂಗಕ್ಕೆ ಗುಳೇದಗುಡ್ಡದ ಖಣ ಬಹಳ ಒಪ್ಪುತ್ತದೆ. ಖಣದ ಪನ್ನಾ, ಅಂದರೆ ಅಗಲ, ಸೀರೆಯದಕ್ಕಿಂತ ಕಿರಿದು, 30 ಇಂಚಿನ ಆಜುಬಾಜು, ಎರಡೂ ಕಡೆ ಅಂಚು. ಉದ್ದ ಪರಕಾರ ಹೊಲಿಯುವವರಿಗೆ ಈ ಕಿರಿದು ಪನ್ನಾ ತಲೆನೋವು, ತುಂಡು ತುಂಡು ಜೋಡಿಸಬೇಕು. ಮೊಣಕಾಲಿನ ಲಂಗಕ್ಕೋ, ಅದೇ ವರ. ಬಟ್ಟೆಯನ್ನು ಅಡ್ಡ ತಿರುಗಿಸಿ ಮೂರು ಮೀಟರ್ ಸುತ್ತಲೂ ನೆರಿಗೆ ಹಿಡಿದರೆ ಪನ್ನಾವೇ ಲಂಗದ ಉದ್ದ, ಒಂದು ಅಂಚು ಕೆಳಗೆ ತಾನಾಗಿ ಬಂದು ಕೂರುತ್ತದೆ, ಇನ್ನೊಂದು ನಡುಪಟ್ಟಿಯೊಳಗೆ ಹೋಗುತ್ತದೆ. ಜಪಾನಿನ ಕಂಪನಿಗಳು ಬಟ್ಟೆಯ ಒಂದು ಅಂಚಿಗಷ್ಟೇ ಚಿತ್ರ ಅಚ್ಚು ಹಾಕಿಸಿ ಲಂಗದ ಕೆಳಗೆ ಬರುವಂತೆ ಹೊಲಿಯುವುದೂ ಹೀಗೆಯೇ. ನಮ್ಮಲ್ಲಿ ಆ ಅಂಚನ್ನು ನೇಕಾರರು ಮಗ್ಗದಲ್ಲೇ ಕೊಟ್ಟುಬಿಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಕೂಟ ಯಾಕೆ ಆಗುವುದಿಲ್ಲ? ನಮ್ಮಲ್ಲಿ ಹೆಣ್ಣುಮಕ್ಕಳು ಉಟ್ಟು ತೊಟ್ಟು ಸೇರುವ ಪ್ರತಿಯೊಂದು ಸಂದರ್ಭಕ್ಕೂ ಯಾರೋ ಒಪ್ಪಿದ ಕಾರಣವೊಂದು ಇರಬೇಕು. ಕುಬಸ, ಉಡಿ ತುಂಬುವುದು, ಮದುವೆ, ಜಾತ್ರೆ. ಕಾಲೇಜಿನ ಎಥ್ನಿಕ್ ಡೇ ಕೂಡ ಇದೇ ಸಾಲಿಗೆ ಸೇರಿದ್ದು: ಪ್ರಾಚಾರ್ಯರ ಅನುಮತಿ, ವೇದಿಕೆ, ಮೈಕು, ಅತಿಥಿಗಳ ಭಾಷಣ, ಕೊನೆಗೆ ‘ಬೆಸ್ಟ್ ಡ್ರೆಸ್’ ಬಹುಮಾನ. ಅದರಲ್ಲಿ ಕೆಟ್ಟದ್ದೇನಿಲ್ಲ, ಆದರೆ ಅದು ನೋಡುವವರಿಗಾಗಿ ನಡೆಯುವ ಕಾರ್ಯಕ್ರಮ. ಗೆಳತಿಯರ ಕೂಟಕ್ಕೆ ವೇದಿಕೆ ಬಂತೆಂದರೆ ಅದು ಅಲ್ಲಿಗೇ ಮುಗಿದ ಹಾಗೆ. ಬಹುಮಾನ ಇಟ್ಟರಂತೂ 200 ರೂಪಾಯಿಯ ಹತ್ತಿ ಲಂಗ ತೊಟ್ಟವಳು ಮುಂದಿನ ಸಲ ಬರುವುದಿಲ್ಲ. ಆದ್ದರಿಂದ ಕೂಟ ಏರ್ಪಡಿಸುವವಳು ಮೊದಲು ಮಾಡಬೇಕಾದ ಕೆಲಸ ಕೆಲವನ್ನು ಕೈಬಿಡುವುದು: ಸ್ಪರ್ಧೆ, ಪ್ರವೇಶ ಶುಲ್ಕ, ಬ್ಯಾನರು, ಮುಖ್ಯ ಅತಿಥಿ. ಐದಾರು ಜನ ಸಾಕು. ಒಂದು ಬಣ್ಣವನ್ನೋ ಒಂದು ವಸ್ತುವನ್ನೋ ಮಾತಾಡಿಕೊಂಡರೆ ಚೆಂದ, ಎಲ್ಲರೂ ಖಣವೋ ಎಲ್ಲರೂ ಬಿಳಿ ಲೇಸೋ. ಪೂರ್ತಿ ಉಡುಗೆ ಇಲ್ಲದವಳು ಪರಕಾರಕ್ಕೊಂದು ಒಪ್ಪುವ ರವಿಕೆ, ತಲೆಗೊಂದು ರಿಬ್ಬನ್ನು ಹಾಕಿಕೊಂಡು ಬಂದರೂ ಆಯಿತು.

ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಊರಿನವರು ಸೇರುವುದಾದರೆ ರಾಯಚೂರೇ ಅನುಕೂಲ. ಮಾನ್ವಿಯೂ ದೇವದುರ್ಗವೂ ಬೇರೆ ಬೇರೆ ದಿಕ್ಕಿನಲ್ಲಿ ಸರಿಸುಮಾರು ಐವತ್ತು ಕಿಲೋಮೀಟರ್ ಆಚೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಉಚಿತ ಬಸ್ಸಿನಲ್ಲಿ ಹೆಂಗಸರು ಸುಮ್ಮನೆ ತಿರುಗುತ್ತಾರೆಂದು ಕುಹಕವಾಡಿದವರಿದ್ದಾರೆ. ಸುಮ್ಮನೆ ತಿರುಗುವುದು ಗಂಡಸರಿಗೆ ಯಾವಾಗಲೂ ಸಿಕ್ಕಿದ್ದ ಸವಲತ್ತು ಎಂಬುದು ಅವರಿಗೆ ಹೊಳೆದಂತಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಕ್ಯಾನ್‌ಕ್ಯಾನ್ ಉಳಿಯುವುದಿಲ್ಲವಾದ್ದರಿಂದ ಅದನ್ನು ಮಡಚಿ ಚೀಲದಲ್ಲಿ ತಂದು ಯಾರದಾದರೂ ಮನೆಯಲ್ಲಿ ಹಾಕಿಕೊಳ್ಳುವುದು ಜಾಣತನ. ಎಲ್ಲಕ್ಕಿಂತ ಮುಖ್ಯ ಋತು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಮೂರು ಪಟ್ಟಿಯ ನೆಟ್ಟು, ಉದ್ದ ಕಾಲುಚೀಲ ಹಾಕಿ ಮೇ ತಿಂಗಳಲ್ಲಿ ಕೂಟ ಕರೆದವಳ ಗೆಳೆತನ ಬಹಳ ದಿನ ಉಳಿಯಲಾರದು. ಗೌರಿ ಹುಣ್ಣಿಮೆಯಿಂದ ಸಂಕ್ರಾಂತಿಯ ತನಕ, ಬೆಳಗಿನ ಹೊತ್ತು ಸರಿಯಾದ ಕಾಲ. ಡಿಸೆಂಬರಿನ ಮೊದಲ ಶನಿವಾರವನ್ನು ಬೇರೆ ಬೇರೆ ದೇಶಗಳ ಈ ಉಡುಗೆಪ್ರಿಯರು ತಮ್ಮ ದಿನವೆಂದು ಆಚರಿಸುತ್ತಾರೆ, ಅದೂ ಒದಗಿಬರುತ್ತದೆ. 1294ರ ಶಿಲಾಶಾಸನ ಹೊತ್ತ ರಾಯಚೂರು ಕೋಟೆಯ ಗೋಡೆ ಫೋಟೊಗಳಿಗೆ ಒಳ್ಳೆಯ ಹಿನ್ನೆಲೆ. ಬೆಟ್ಟ ಹತ್ತುವ ಸಾಹಸ ಮಾತ್ರ ಬೇಡ, ಕಲ್ಲಿಗೆ ಲೇಸು ಸಿಕ್ಕಿಕೊಂಡರೆ ಹರಿಯುತ್ತದೆ. ಕೂತು ಮಾತಾಡಲು ಮನೆಯ ಮಾಳಿಗೆ ಸಾಕು. ಚಹಾದ ಜೊತೆ ಒಗ್ಗರಣಿ-ಮಿರ್ಚಿ ಇಲ್ಲದೆ ರಾಯಚೂರಿನ ಕೂಟ ಕೂಟವೇ ಅಲ್ಲ. ಆದರೆ ಮಿರ್ಚಿಯ ಎಣ್ಣೆ ಬಿಳಿ ಲೇಸಿಗೆ ಬದ್ಧ ವೈರಿ, ತೊಡೆಯ ಮೇಲೊಂದು ಟವೆಲು ಇರಲಿ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಹಣದ್ದು. ದೇವದುರ್ಗದ ಹಳ್ಳಿ, ತಾಂಡಾಗಳಿಂದ ಜನ ಕೂಲಿ ಅರಸಿ ಬೆಂಗಳೂರಿಗೆ ಗುಳೆ ಹೋಗುವ ಜಿಲ್ಲೆಯಲ್ಲಿ ಲೇಸು, ರಿಬ್ಬನ್ನಿನ ಮಾತು ಹೊಟ್ಟೆ ತುಂಬಿದವರ ಆಟವಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಎಲ್ಲರಿಗೂ ಭಾನುವಾರ ಬಿಡುವಿಲ್ಲ ಎಂಬುದೂ ನಿಜ. ಆದರೆ ಬಡತನ ನೀಗಿದ ಮೇಲೆ ಅಲಂಕಾರ ಎಂಬ ಲೆಕ್ಕವನ್ನು ತಾಂಡಾದ ಹೆಂಗಸರು ಎಂದೂ ಒಪ್ಪಲಿಲ್ಲ. ಅಲೆದಾಟದ ಬದುಕಿನಲ್ಲೇ ಅವರು ಫೇಟಿಯಾಕ್ಕೆ ಕನ್ನಡಿ ಕೂಡಿಸಿದರು. ಹಾಗಂತ ಅವರ ಉಡುಪನ್ನು ಬಾಡಿಗೆಗೆ ತಂದು ವೇಷದಂತೆ ತೊಡುವುದು ಸರಿಯಲ್ಲ. ತಾಂಡಾದ ಗೆಳತಿ ತನ್ನ ಅಜ್ಜಿಯ ಫೇಟಿಯಾ ಉಟ್ಟು ಬಂದರೆ ಅದು ಅವಳ ಹಕ್ಕು. ಉಳಿದವರಿಗೆ ಆ ಕಸೂತಿ ಬೇಕಿದ್ದರೆ ಮಾಡುವವರಿಂದ ದುಡ್ಡು ಕೊಟ್ಟು ಹೊಲಿಸಿಕೊಳ್ಳಲಿ.

ಇದು ಪರದೇಶದ ಅನುಕರಣೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಜಪಾನಿನವರು ಯುರೋಪಿನಿಂದ ತೆಗೆದುಕೊಂಡು ತಮ್ಮದಾಗಿಸಿಕೊಂಡಿದ್ದಾರೆ. ಜೀನ್ಸು, ಚೂಡಿದಾರಗಳೂ ನಮ್ಮ ಊರಿಗೆ ಬಂದವುಗಳೇ. ಲೊಲಿಟಾ ಎಂಬ ಹೆಸರಿನ ಬಗ್ಗೆ ಇರುಸುಮುರುಸು ಪಡುವವರ ಮಾತಿಗೆ ಮಾತ್ರ ಬೆಲೆ ಕೊಡಬೇಕು. ಅದೇ ಹೆಸರಿನ ನಬೊಕೊವ್‌ನ 1955ರ ಕಾದಂಬರಿ ಮಗುವಿನ ಮೇಲಿನ ದೌರ್ಜನ್ಯದ ಕಥೆ, ಈ ಉಡುಗೆಯ ಆಶಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮೈ ಮುಚ್ಚುವ, ಗಂಡಿನ ನೋಟವನ್ನು ಲೆಕ್ಕಕ್ಕಿಡದ ಶೈಲಿಯಿದು ಎಂದೇ ಇದನ್ನು ತೊಡುವವರು ಹೇಳುತ್ತಾರೆ. ಆದರೂ ಮನೆಯಲ್ಲಿ ವಿವರಿಸುವುದು ಕಷ್ಟವಾದರೆ ಪರಕಾರ ಕೂಟ ಎಂದು ಕರೆದರೆ ನಷ್ಟವೇನಿಲ್ಲ.

‘ಮಂದಿ ಏನಂತಾರ’ ಎಂಬುದು ಕೊನೆಯ ತಡೆ, ಅದು ಬರೀ ಭಯವಲ್ಲ. ಸಣ್ಣ ಊರಿನಲ್ಲಿ ಒಂದು ಫೋಟೊ ಮೊಬೈಲಿಂದ ಮೊಬೈಲಿಗೆ ಹಾರಿ ಮನೆ ಮುಟ್ಟಲು ಗಂಟೆ ಸಾಕು, ಅದರ ಬೆಲೆ ತೆರುವವಳು ಹುಡುಗಿಯೇ. ಹಾಗಾಗಿ ಫೋಟೊದ ನಿಯಮ ಕೂಟಕ್ಕೆ ಮುಂಚೆಯೇ ಗೊತ್ತಾಗಬೇಕು: ಯಾರ ಮೊಬೈಲಿನಲ್ಲಿ ತೆಗೆಯುವುದು, ಯಾರ ಒಪ್ಪಿಗೆಯಿಲ್ಲದೆ ಯಾವುದೂ ಹೊರಗೆ ಹೋಗಬಾರದು, ಮುಖ ಬೇಡವೆಂದವಳಿಗೆ ಲಂಗದ ಅಂಚಿನ ಫೋಟೊ ಸಾಕು. ಶಾಲೆಯ ವಯಸ್ಸಿನವರು ಬರುವುದಾದರೆ ಅವ್ವ-ಅಪ್ಪನಿಗೆ ಮನೆಯ ವಿಳಾಸ, ಇರುವವರ ಹೆಸರು, ಮುಗಿಯುವ ಹೊತ್ತು ಎಲ್ಲ ತಿಳಿದಿರಬೇಕು. ಜೊತೆಗೊಬ್ಬ ಅಕ್ಕನೋ ಅತ್ತಿಗೆಯೋ ಬಂದರೆ ಇನ್ನೂ ಒಳ್ಳೆಯದು, ಅವರಿಗೂ ಒಂದು ರಿಬ್ಬನ್ನು ತೆಗೆದಿಟ್ಟಿರಬೇಕು. ದೇವದುರ್ಗದ ಕಡೆಗೆ ಹೋಗುವವರನ್ನು ಕತ್ತಲಾಗುವ ಮೊದಲೇ ಬಸ್ಸಿಗೆ ಹತ್ತಿಸುವ ಹೊಣೆ ರಾಯಚೂರಿನವರದು.