ಮಾತ್ರೆಗೆ ಎಟುಕದ ಕೀವು

ಹಲ್ಲುನೋವಿಗೆ ನಮ್ಮಲ್ಲಿ ಮೊದಲ ಚಿಕಿತ್ಸೆ ದೊರೆಯುವುದು ಬೀದಿ ತಿರುವಿನ ಔಷಧ ಅಂಗಡಿಯಲ್ಲಿ. ಕೆನ್ನೆಗೆ ಕೈಯೊತ್ತಿಕೊಂಡು ನಿಂತವರಿಗೆ ಎಷ್ಟೋ ಕಡೆ ವೈದ್ಯರ ಚೀಟಿಯಿಲ್ಲದೆಯೇ ಮೂರು ದಿನದ ಅಮಾಕ್ಸಿಸಿಲಿನ್, ಜೊತೆಗೊಂದು ನೋವಿನ ಮಾತ್ರೆ ಸಿಗುತ್ತದೆ. ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಆ ಮಾತ್ರೆಯ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ, ಓದುವವರಿಲ್ಲ. ಎರಡು ದಿನಗಳಲ್ಲಿ ನೋವು ಇಳಿಯುತ್ತದೆ. ಹಲ್ಲಿನ ವಿಷಯ ಮರೆತುಹೋಗುತ್ತದೆ. ಅಪಾಯ ಬೆಳೆಯುವುದು ಈ ಮರೆವಿನಲ್ಲಿ.

‘ಹಲ್ಲಿಗೆ ಹುಳ ಹಿಡಿದಿದೆ’ ಎನ್ನುವುದು ರೂಢಿ. ಹುಳವೆಂಬುದು ಅಲ್ಲಿಲ್ಲ. ಬಾಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸುತ್ತವೆ. ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲನ್ನು ಕರಗಿಸುತ್ತದೆ. ಎನಾಮಲಿಗೆ ನರಗಳಿಲ್ಲವಾದ್ದರಿಂದ ಈ ಹಂತದಲ್ಲಿ ನೋವೂ ಇಲ್ಲ. ಕುಳಿ ಒಳಗಿನ ಡೆಂಟೀನ್ ಪದರವನ್ನು ಮುಟ್ಟಿದಾಗ ತಣ್ಣೀರು, ಸಿಹಿ ಚುಳುಕ್ಕೆನ್ನಿಸುತ್ತವೆ. ಇನ್ನೂ ಆಳದಲ್ಲಿ, ರಕ್ತನಾಳ ಮತ್ತು ನರಗಳಿರುವ ತಿರುಳಿಗೆ ಸೋಂಕು ತಗುಲಿದಾಗ ನಿದ್ದೆಗೆಡಿಸುವ ಮಿಡಿತದ ನೋವು ಶುರುವಾಗುತ್ತದೆ. ಮೈಯ ಬೇರೆಡೆ ಉರಿಯೂತವಾದರೆ ಊದಿಕೊಳ್ಳಲು ಜಾಗವಿರುತ್ತದೆ. ಹಲ್ಲಿನ ತಿರುಳಾದರೋ ಗಟ್ಟಿ ಗೋಡೆಗಳ ನಡುವಿನ ಸೆರೆಯಾಳು. ಒಳಗೆ ಒತ್ತಡ ಏರುತ್ತದೆ, ಮಲಗಿದರೆ ಇನ್ನಷ್ಟು ಏರುತ್ತದೆ.

ಆ ಬಳಿಕ ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. ಕೀರ್ತಿ ಲವಂಗದ ಎಣ್ಣೆಗೋ ಮಾತ್ರೆಗೋ ಸಲ್ಲುತ್ತದೆ. (ಲವಂಗವನ್ನು ಹೀಗಳೆಯಬೇಕಿಲ್ಲ, ಅದರ ಯೂಜಿನಾಲ್ ಅಂಶವನ್ನು ದಂತವೈದ್ಯರೂ ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ. ಒಸಡಿನ ಮೇಲೆ ಆಸ್ಪಿರಿನ್ ಇಟ್ಟುಕೊಳ್ಳುವುದು ಮಾತ್ರ ಕೇಡು, ಅದು ಒಸಡನ್ನೇ ಸುಡುತ್ತದೆ.) ನಿಜದಲ್ಲಿ ಹಲವು ಬಾರಿ ನಡೆದಿರುವುದು ತಿರುಳಿನ ಸಾವು. ನರ ಸತ್ತಿದೆ, ಆದ್ದರಿಂದ ನೋವಿಲ್ಲ. ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗಿಳಿದು ಅಲ್ಲಿ ಕೀವು ಕಟ್ಟುತ್ತಿರುತ್ತದೆ. ಆಮೇಲೆ ಕಾಣುವುದು ಕಚ್ಚಿದರೆ ನೋಯುವ ಹಲ್ಲು, ಒಸಡಿನ ಗುಳ್ಳೆ, ಊದಿದ ಕೆನ್ನೆ.

ಔಷಧವನ್ನು ಸೋಂಕಿನ ಜಾಗಕ್ಕೆ ಒಯ್ಯುವುದು ರಕ್ತ. ತಿರುಳು ಸತ್ತ ಹಲ್ಲಿನೊಳಗೆ ರಕ್ತಸಂಚಾರವೇ ಇಲ್ಲವೆಂದ ಮೇಲೆ ಪ್ರತಿಜೀವಕ ಅಲ್ಲಿಗೆ ತಲುಪುವುದೆಂತು? ಸುತ್ತಲಿನ ಊತವನ್ನು ಅದು ತಗ್ಗಿಸೀತು, ಮೂಲ ಹಾಗೆಯೇ ಉಳಿಯುತ್ತದೆ. ಅಮೆರಿಕದ ದಂತವೈದ್ಯರ ಸಂಘವು 2019ರ ತನ್ನ ಮಾರ್ಗಸೂಚಿಯಲ್ಲಿ, ಹಲ್ಲಿನ ಚಿಕಿತ್ಸೆ ಕೂಡಲೇ ಲಭ್ಯವಿದ್ದರೆ ಆರೋಗ್ಯವಂತ ವಯಸ್ಕರ ಬಹುತೇಕ ಇಂಥ ನೋವು-ಊತಗಳಿಗೆ ಪ್ರತಿಜೀವಕ ಬೇಡವೆಂದಿತು. ಜ್ವರ ಬಂದಾಗ, ಸೋಂಕು ಹರಡುತ್ತಿರುವಾಗ ಅದು ಬೇಕೇ ಬೇಕು. ಆಗಲೂ ಹಲ್ಲಿನ ಚಿಕಿತ್ಸೆಗೆ ಅದು ಬದಲಿಯಾಗದು. ಕೀವು ಹೊರಹೋಗಬೇಕು, ಸತ್ತ ತಿರುಳು ಖಾಲಿಯಾಗಬೇಕು. ರೂಟ್ ಕೆನಾಲ್ ಎಂದರೆ ಇಷ್ಟೇ: ಬೇರಿನ ನಾಳಗಳನ್ನು ಶುಚಿಗೊಳಿಸಿ, ಗಟಾಪರ್ಚಾ ಎಂಬ ಮರದ ಹಾಲಿನ ವಸ್ತು ತುಂಬಿ ಮುಚ್ಚುವುದು. ಅದು ಸಾಧ್ಯವಾಗದಿದ್ದರೆ ಹಲ್ಲು ಕೀಳಿಸಬೇಕು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಭಯ ಓದಿದವರ ಮನೆಗಳಲ್ಲೂ ಇದೆ. ಅದಕ್ಕೆ ಆಧಾರವಿಲ್ಲ.

ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್ ಎಂದರೆ ಮಧ್ಯಮವರ್ಗದವರೂ ಹಿಂದೆಮುಂದೆ ನೋಡುತ್ತಾರೆ. ಆದರೆ ಮುಂದೂಡುವುದರ ಲೆಕ್ಕವನ್ನೂ ಕೇಳಬೇಕು. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಬಡ ಬಾಲಕನೊಬ್ಬನ ಹಲ್ಲಿನ ಸೋಂಕು ಮೆದುಳಿಗೆ ಹರಡಿತು. ಹಲ್ಲು ಕೀಳಿಸಲು ತಗಲುತ್ತಿದ್ದುದು ಸುಮಾರು 80 ಡಾಲರ್. ಎರಡು ಮೆದುಳು ಶಸ್ತ್ರಚಿಕಿತ್ಸೆಗಳು, ವಾರಗಟ್ಟಲೆ ಆಸ್ಪತ್ರೆವಾಸ ಸೇರಿ ವೆಚ್ಚ 2.5 ಲಕ್ಷ ಡಾಲರ್ ಮುಟ್ಟಿತು. ಹುಡುಗ ಉಳಿಯಲಿಲ್ಲ. ನಮ್ಮಲ್ಲಿ ಸರ್ಕಾರದ ದಂತಭಾಗ್ಯ ಯೋಜನೆ 2014-15ರಲ್ಲಿ ಬಂತು. ಬಡ ವೃದ್ಧರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ಒಳ್ಳೆಯ ಯೋಜನೆಯೇ ಸರಿ. ಆದರೆ ಆ ಭಾಗ್ಯ ಕೂಡಿಬರುವುದು ಹಲ್ಲೆಲ್ಲ ಹೋದ ಮೇಲೆ. ಕುಳಿ ಚಿಕ್ಕದಿರುವಾಗಲೇ ತುಂಬಿಸುವ ಸೌಲಭ್ಯ ಅಷ್ಟೇ ಸುಲಭವಾಗಿ ಕೈಗೆಟುಕುವಂತಾದರೆ ಆ ಸೆಟ್ಟುಗಳ ಅಗತ್ಯವೇ ಎಷ್ಟೋ ತಗ್ಗೀತು.

ಮಧುಮೇಹಿಗಳಲ್ಲಿ ಸೋಂಕು ಬೇಗ ಹರಡುತ್ತದೆ. ಸೋಂಕು ಸಕ್ಕರೆಯನ್ನೂ ಹತೋಟಿ ತಪ್ಪಿಸುತ್ತದೆ. ಕೃತಕ ಹೃದಯಕವಾಟ ಅಳವಡಿಸಿಕೊಂಡವರು ಹಲ್ಲು ಕೀಳಿಸುವ ಮೊದಲೇ ಅದನ್ನು ತಿಳಿಸಬೇಕು, ಅವರಿಗೆ ಮುಂಚಿತವಾಗಿ ಪ್ರತಿಜೀವಕ ಕೊಡಬೇಕಾಗುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ಕೆಳದವಡೆಯ ಸೋಂಕು ನಾಲಿಗೆಯ ಕೆಳಗೆ ಇಳಿದು ಉಸಿರುದಾರಿಯನ್ನು ಒತ್ತುವ ಸ್ಥಿತಿ. ಜರ್ಮನ್ ವೈದ್ಯ ಲುಡ್‌ವಿಗ್ 1836ರಲ್ಲಿ ವಿವರಿಸಿದ ಕಾರಣ ಅದಕ್ಕೆ ಅವರದೇ ಹೆಸರಿದೆ. ಪ್ರತಿಜೀವಕಗಳಿಲ್ಲದ ಕಾಲದಲ್ಲಿ ಅದಕ್ಕೆ ತುತ್ತಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಗಲ್ಲದ ಕೆಳಗೆ ಗಟ್ಟಿ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲೂ ಕಷ್ಟ, ಉಸಿರಾಟದಲ್ಲಿ ಏರುಪೇರು ಇವು ಕಂಡರೆ ದಂತಚಿಕಿತ್ಸಾಲಯದ ಬಾಗಿಲು ಬೆಳಿಗ್ಗೆ ತೆರೆಯಲೆಂದು ಕಾಯದೆ, ಆ ರಾತ್ರಿಯೇ ತುರ್ತು ಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಬೇಕು.